ಮೀನು ಬಿಡುವ ಮುನ್ನ

ಕಳೆದ ಬೇಸಗೆಯಲ್ಲಿ ರಾಯಚೂರಿನ ನಮ್ಮ ಮನೆಯ ಪಡಸಾಲೆಗೆ ಗಾಜಿನದೊಂದು ಮೀನುತೊಟ್ಟಿ ಬಂದಿತು. ಸುಮಾರು 60 ಲೀಟರು ನೀರು ಹಿಡಿಯುವ ತೊಟ್ಟಿ. ಚಿಕ್ಕ ಮಗಳ ಬಹುದಿನದ ಹಟ ಅದು. ನಾವು ಭೌತವಿಜ್ಞಾನವನ್ನು ಬೋಧಿಸುವವರು. ಶುಚಿತ್ವದಲ್ಲಿ ಕೊರತೆಯಾಗಬಾರದೆಂದು ತೊಟ್ಟಿಯನ್ನು ಮೂರು ಬಾರಿ ತೊಳೆದೆವು, ತಳಕ್ಕೆ ಹಾಸುವ ಹರಳುಗಳನ್ನು ನೀರಿನಲ್ಲಿ ಕುದಿಸಿದೆವು, ಹೊಚ್ಚಹೊಸ ಸ್ಪಂಜಿನ ಶೋಧಕವನ್ನು ಇರಿಸಿ ಕೊಳವೆಬಾವಿಯ ನೀರನ್ನು ತುಂಬಿದೆವು. ಅಂದು ಸಂಜೆಯೇ ಆರು ಗೋಲ್ಡ್ ಫಿಷ್‌ಗಳನ್ನು ತಂದು ಬಿಟ್ಟೆವು. ನೀರು ಕನ್ನಡಿಯಂತೆ ತಿಳಿಯಾಗಿತ್ತು.

ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಕಳೆಯತೊಡಗಿದವು. ಐದನೆಯ ದಿನ ಬೆಳಿಗ್ಗೆ ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ನೀರು ಕೆಟ್ಟಿರಬೇಕೆಂದು ಭಾವಿಸಿ ಎಲ್ಲವನ್ನೂ ಹೊರಚೆಲ್ಲಿ, ಹರಳು ಸ್ಪಂಜುಗಳನ್ನು ಮತ್ತೆ ತಿಕ್ಕಿ ತೊಳೆದು, ಹೊಸ ನೀರು ತುಂಬಿದೆವು. ಎರಡು ದಿನ ಚೇತರಿಸಿಕೊಂಡಂತೆ ಕಂಡ ಮೀನುಗಳು ಹತ್ತನೆಯ ದಿನದೊಳಗೆ ಒಂದೊಂದಾಗಿ ಎಲ್ಲವೂ ಸತ್ತವು. “ನಾವು ಇನ್ನೂ ಚೆನ್ನಾಗಿ ತೊಳೀಬೇಕಾಗಿತ್ತಾ ಅಪ್ಪಾ?” ಎಂದು ಮಗಳು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರದ ಎಳೆ ದೊರೆತದ್ದು ತರಗತಿಯಲ್ಲಿ. ಈ ಪ್ರಸಂಗವನ್ನು ಕೇಳಿದ ದೇವದುರ್ಗದ ಕಡೆಯ ವಿದ್ಯಾರ್ಥಿಯೊಬ್ಬನು, “ನಮ್ಮೂರ ಬಾವ್ಯಾಗ ಯಾರೂ ನೀರು ಬದಲ್ಸಂಗಿಲ್ರಿ ಸರ್, ಅಲ್ಲಿ ಮೀನು ಆರಾಮ ಅದಾವ. ನಿಮ್ಮನ್ಯಾಗ ಯಾಕ ಸತ್ತವು?” ಎಂದು ಕೇಳಿದನು. ಪಾಚಿಗಟ್ಟಿದ ಹಳೆಯ ಬಾವಿಯಲ್ಲಿ ಬದುಕುವ ಜೀವಿಯು ಕನ್ನಡಿಯಂತಹ ನೀರಿನಲ್ಲಿ ಸಾಯುವುದೇಕೆ? ಪ್ರಶ್ನೆಯು ಸರಳವಾದುದು, ಆದರೆ ಇದಕ್ಕೆ ಉತ್ತರ ದೊರೆಯಲು ವಿಜ್ಞಾನಿಗಳಿಗೆ ಹಲವು ದಶಕಗಳು ಹಿಡಿದವು.

ಕಾಣದ ವಿಷ

ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗವು ಅಮೋನಿಯವಾಗಿ ಅದರ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರವು ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲಬಲ್ಲಷ್ಟು ಇದ್ದರೂ ನಮ್ಮ ಮೂಗಿಗೆ ತಿಳಿಯುವುದಿಲ್ಲ.

ನೀರಿನಲ್ಲಿ ಅಮೋನಿಯವು ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವನ್ನು ಪಡೆದ ಅಮೋನಿಯಂ ಅಯಾನು ಅಷ್ಟಾಗಿ ಅಪಾಯಕಾರಿಯಲ್ಲ. ವಿದ್ಯುದಂಶವಿಲ್ಲದ ಅಮೋನಿಯವು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಿ ರಕ್ತವನ್ನು ಸೇರುತ್ತದೆ. ಈ ಎರಡರ ಪ್ರಮಾಣವನ್ನು ನಿರ್ಧರಿಸುವುದು ನೀರಿನ ಉಷ್ಣತೆ ಮತ್ತು ಅದರ ಆಮ್ಲ–ಕ್ಷಾರ ಗುಣವನ್ನು ತಿಳಿಸುವ ಪಿ.ಎಚ್. ಅಂಕ. ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಪಿ.ಎಚ್. 7 ಇರುವ ತಟಸ್ಥ ನೀರಿನಲ್ಲಿ ಶೇಕಡ 0.8ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿ.ಎಚ್. 8ಕ್ಕೆ ಏರಿದರೆ ಅದು ಶೇಕಡ 7.5 ಆಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರನ್ನು ಅಳೆದು ನೋಡಿದಾಗ 8.2 ಎಂದು ತೋರಿಸಿತು. ಅಂದರೆ ಶೇಕಡ 11ಕ್ಕೂ ಮಿಗಿಲು! ಅದೇ ಅಮೋನಿಯ, ಅಷ್ಟೇ ಪ್ರಮಾಣ. ಆದರೆ ತಟಸ್ಥ ನೀರಿಗಿಂತ ನಮ್ಮ ನೀರಿನಲ್ಲಿ ಅದರ ವಿಷವು ಹದಿನಾಲ್ಕು ಪಟ್ಟು. ರಾಯಚೂರಿನ ಬೇಸಗೆಯೂ ಗಡಸು ನೀರೂ ಸೇರಿದಲ್ಲಿ ಹೊಸ ತೊಟ್ಟಿಯ ಮೀನಿಗೆ ಉಳಿವಿಲ್ಲದಿದ್ದುದು ಆಶ್ಚರ್ಯವಲ್ಲ.

ಹಾಗಾದರೆ ಬಾವಿಯಲ್ಲಿ ಹುಟ್ಟುವ ಅಮೋನಿಯವು ಎಲ್ಲಿಗೆ ಹೋಗುತ್ತದೆ?

ಇಪ್ಪತ್ತು ದಿನ ಸುಮ್ಮನಿದ್ದ ಮರಳು

1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ರಸಾಯನಜ್ಞರು ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಚರಂಡಿಯ ನೀರು ಅದರ ಮೂಲಕ ನಿಧಾನವಾಗಿ ಇಳಿಯುವಂತೆ ಮಾಡಿದರು. ಇಪ್ಪತ್ತು ದಿನಗಳವರೆಗೆ ಹಾಕಿದ ಅಮೋನಿಯವು ಹಾಗೆಯೇ ಹೊರಬರುತ್ತಿತ್ತು. ಅನಂತರ ಅದು ನೈಟ್ರೇಟಾಗಿ ಮಾರ್ಪಡತೊಡಗಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ನಡೆಯಬೇಕಾಗಿತ್ತು. ಅವರು ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದರು, ಕ್ರಿಯೆಯು ನಿಂತಿತು. ಆವಿಯನ್ನು ತೆಗೆದು, ಮಣ್ಣು ಕಲಸಿದ ನೀರನ್ನು ಸ್ವಲ್ಪ ಸೇರಿಸಿದರು. ಕ್ರಿಯೆಯು ಮರಳಿ ಆರಂಭವಾಯಿತು. ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿನ ಮೇಲೆ ನೆಲೆಸಿದ್ದ ಜೀವಿಗಳು. ಆ ಇಪ್ಪತ್ತು ದಿನಗಳು ಅವು ಬಿಡಾರ ಹೂಡಿ ವೃದ್ಧಿಯಾಗಲು ತೆಗೆದುಕೊಂಡ ಕಾಲ.

ಈ ಕಥೆಯಲ್ಲಿ ಒಂದು ಕುಟುಂಬದ ಸ್ವಾರಸ್ಯವೂ ಅಡಗಿದೆ. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಗಾಜಿನ ಪಾತ್ರೆಯಲ್ಲಿ ಸಾಕಿ, ಅವು ಪರಸ್ಪರ ಪೋಷಿಸುವ ಬಗೆಯನ್ನು 1850ರಲ್ಲಿ ವಿವರಿಸಿದನು. ಇಂದಿನ ಮನೆಯ ಅಕ್ವೇರಿಯಂನ ಮೂಲಪುರುಷರಲ್ಲಿ ಅವನೊಬ್ಬ. ಅದೇ ಹೆಸರಿನ ಅವನ ಮಗನು ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತ, ಈ ಮಾರ್ಪಾಟು ಎರಡು ಹಂತಗಳಲ್ಲಿ ನಡೆಯುವುದೆಂದು ಕಂಡುಕೊಂಡನು: ಅಮೋನಿಯವು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್. ತಂದೆಯ ಮೀನುಗಳನ್ನು ಕಾಯುತ್ತಿದ್ದ ಗುಟ್ಟನ್ನು ಮಗನು ಹೊಲದ ಮಣ್ಣಿನಲ್ಲಿ ಕಂಡನೆನ್ನಬಹುದು. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಅವನಿಗೆ ಸಾಧ್ಯವಾಗಲಿಲ್ಲ. ಅದನ್ನು 1890ರಲ್ಲಿ ಸಾಧಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಇವು ಪೌಷ್ಟಿಕ ಆಹಾರವನ್ನು ಬಯಸುವುದಿಲ್ಲ. ಅಮೋನಿಯವನ್ನು ಉತ್ಕರ್ಷಿಸಿ ಶಕ್ತಿಯನ್ನು ಪಡೆಯುತ್ತವೆ, ಇಂಗಾಲದ ಡೈ ಆಕ್ಸೈಡಿನಿಂದ ಮೈ ಕಟ್ಟಿಕೊಳ್ಳುತ್ತವೆ. ಹಳ್ಳಿಯ ದನದ ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಕಾಣುವ ಬಿಳಿಯ ಪೆಟ್ಲುಪ್ಪು ಸಹ ಇವುಗಳ ದುಡಿಮೆಯ ಫಲವೇ.

ಕಥೆಯು ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಅಕ್ವೇರಿಯಂನ ಹರಳುಗಳಿಂದ ಬೇರ್ಪಡಿಸಿದ ಜೀವಿಯೊಂದರ ವರದಿ 2005ರಲ್ಲಿ ಹೊರಬಂದಿತು. ಅದು ಬ್ಯಾಕ್ಟೀರಿಯವೇ ಅಲ್ಲ, ಆರ್ಕಿಯ ಎಂಬ ಬೇರೊಂದು ವರ್ಗದ ಜೀವಿ. ಅದೂ ಅಮೋನಿಯವನ್ನು ಉತ್ಕರ್ಷಿಸಬಲ್ಲುದು. ಎರಡು ಹಂತಗಳನ್ನೂ ಒಂದೇ ಜೀವಿಯು ನಿರ್ವಹಿಸಬಲ್ಲುದೆಂದು 2015ರಲ್ಲಿ ತಿಳಿದುಬಂದಿತು.

ಮಾನ್ವಿಯಿಂದ ಬಂದ ಸ್ಪಂಜು

ಇಷ್ಟು ತಿಳಿದ ಮೇಲೆ ನಮ್ಮ ತಪ್ಪು ಸ್ಪಷ್ಟವಾಯಿತು. ಹರಳುಗಳನ್ನು ಕುದಿಸಿ, ಸ್ಪಂಜನ್ನು ತಿಕ್ಕಿ, ನೆಲೆಸಲು ಬಂದವರನ್ನು ಮತ್ತೆ ಮತ್ತೆ ಹೊರಗಟ್ಟಿದ್ದೆವು. ಬಾವಿಯ ಕಲ್ಲಿಗೆ ಅಂಟಿರುವ ಲೋಳೆಯೇ ಅಲ್ಲಿಯ ಮೀನುಗಳ ಪ್ರಾಣರಕ್ಷಕ.

ಈ ಬಾರಿ ಮೀನಿಲ್ಲದೆ ಆರಂಭಿಸಿದೆವು. ಸಹೋದ್ಯೋಗಿಯೊಬ್ಬರು ಪ್ರಯೋಗಾಲಯದ ಶುದ್ಧ ಅಮೋನಿಯಂ ಕ್ಲೋರೈಡನ್ನು ತೂಗಿ ಕೊಟ್ಟರು. ಇದೇ ನಮ್ಮ ಹಿರಿಯರ ನವಸಾಗರ. 60 ಲೀಟರಿಗೆ ಸುಮಾರು 0.4 ಗ್ರಾಂ ಬೆರೆಸಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯವಾಗುತ್ತದೆ. ಗಾಳಿಯ ಪಂಪನ್ನು ಹಗಲಿರುಳೂ ನಡೆಸಿದೆವು. ಏಕೆಂದರೆ ಈ ಜೀವಿಗಳಿಗೆ ಆಮ್ಲಜನಕವು ಹೇರಳವಾಗಿ ಬೇಕು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಸಾಮಗ್ರಿಯಿಂದ ಪ್ರತಿದಿನವೂ ಅಳೆದೆವು. ಹನ್ನೊಂದು ದಿನ ಅಮೋನಿಯದ ಹಸಿರು ಬಣ್ಣವು ಕದಲಲಿಲ್ಲ. “ಬರೀ ನೀರು ಸಾಕ್ತಿದ್ದೀವಾ ಅಪ್ಪಾ?” ಎಂದು ಮಗಳು ನಗುತ್ತಿದ್ದಳು. ಹನ್ನೆರಡನೆಯ ದಿನ ಹಸಿರು ತಿಳಿಯಾಯಿತು. ಅದರೊಡನೆ ನೈಟ್ರೈಟಿನ ನಸುಗೆಂಪು ಬಣ್ಣವು ಮೂಡಿತು. ಮೊದಲನೆಯ ಹಂತದ ಜೀವಿಗಳು ಬಂದಿದ್ದವು.

ನೈಟ್ರೈಟ್ ಸಹ ವಿಷವೇ. ಅದು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾರ್ಪಡಿಸುತ್ತದೆ. ರಕ್ತವು ಕಂದುಬಣ್ಣಕ್ಕೆ ತಿರುಗಿ, ಆಮ್ಲಜನಕವಿರುವ ನೀರಿನಲ್ಲಿಯೇ ಮೀನು ಉಸಿರುಗಟ್ಟುತ್ತದೆ. ಅಮೋನಿಯ ಇಳಿದೊಡನೆ ಮೀನು ಬಿಡುವ ಅವಸರದವರು ಇಲ್ಲಿಯೇ ಎಡವುತ್ತಾರೆ.

ಎರಡನೆಯ ಹಂತವು ಬಹಳ ನಿಧಾನವಾಯಿತು. ಸಾಧಾರಣ ಬ್ಯಾಕ್ಟೀರಿಯಗಳು ಅನುಕೂಲವಿದ್ದಾಗ ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇವಕ್ಕೆ ಅರ್ಧ ದಿನದಿಂದ ಒಂದು ದಿನಕ್ಕೂ ಮೇಲ್ಪಟ್ಟ ಕಾಲ ಬೇಕು. ಆಗ ಮಾನ್ವಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದುಕೊಟ್ಟಳು. ನೋಡಲು ಕಂದುಬಣ್ಣದ ಕೊಳೆ. ಗುಣದಲ್ಲಿ ಹಾಲಿಗೆ ಹಾಕುವ ಹೆಪ್ಪು. ಅದನ್ನು ಇರಿಸಿದ ಒಂಬತ್ತನೆಯ ದಿನ, ಅಂದರೆ ಆರಂಭದಿಂದ ಇಪ್ಪತ್ತೊಂಬತ್ತನೆಯ ದಿನ, ಸೇರಿಸಿದ 2 ಮಿಲಿಗ್ರಾಂ ಅಮೋನಿಯವು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಯಿತು. ನೈಟ್ರೈಟಿನ ಕೆಂಪೂ ಕಾಣಲಿಲ್ಲ. ಹೆಪ್ಪಿಲ್ಲದೆ ಈ ಕಾರ್ಯಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಹೊಸದಾಗಿ ತೊಟ್ಟಿಯಿಡುವ ವಾಚಕರು ಕೆಲವು ಮಾತುಗಳನ್ನು ನೆನಪಿಡಬೇಕು. ನಲ್ಲಿಯ ನೀರಿನಲ್ಲಿ ಕ್ಲೋರೀನ್ ಇದ್ದರೆ ಅದು ಈ ಜೀವಿಗಳನ್ನೂ ಕೊಲ್ಲುತ್ತದೆ. ನೀರನ್ನು ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ನವಸಾಗರ ದೊರೆಯದವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿದರೂ ಸಾಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ, ಸಂಗ್ರಹವಾದ ನೈಟ್ರೇಟನ್ನು ಕಳೆಯಲು ಬಹುಪಾಲು ನೀರನ್ನು ಬದಲಿಸಿ, ಮೊದಲು ಒಂದೆರಡು ಮೀನುಗಳನ್ನಷ್ಟೇ ಬಿಡಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲನೆ ಹಿಂಡಬೇಕು.

ಆ ವಿದ್ಯಾರ್ಥಿನಿಯ ಮನೆಯವರದು ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆ. ಅಲ್ಲಿಯೂ ಇದೇ ಚಕ್ರವು ಉರುಳುತ್ತದೆ. ನಿಂತ ನೀರಿಗೆ ಎರಚಿದ ಯೂರಿಯವು ಅಮೋನಿಯವಾಗಿ, ಕೆಸರಿನ ಮೇಲ್ಪದರದಲ್ಲಿ ನೈಟ್ರೇಟಾಗಿ, ಆಮ್ಲಜನಕವಿಲ್ಲದ ಕೆಳಪದರಕ್ಕಿಳಿದು ಸಾರಜನಕದ ಅನಿಲವಾಗಿ ಗಾಳಿಗೆ ಹೋಗುತ್ತದೆ. ನಮ್ಮ ಮೀನನ್ನು ಉಳಿಸುವ ಕ್ರಿಯೆಯೇ ಅಲ್ಲಿ ರೈತನ ಹಣವನ್ನು ಹಾರಿಸುವುದಕ್ಕೆ ಮೊದಲ ಮೆಟ್ಟಿಲು. ಯೂರಿಯವನ್ನು ಕೆಸರಿನ ಆಳದಲ್ಲಿ ಇಡಬೇಕೆಂದು ಕೃಷಿತಜ್ಞರು ಹೇಳುವುದು ಇದಕ್ಕಾಗಿಯೇ.

ಈಗ ನಮ್ಮ ತೊಟ್ಟಿಯಲ್ಲಿ ಎರಡು ಮೀನುಗಳಿವೆ, ಎಂಟು ತಿಂಗಳಾಯಿತು. ಗಾಜಿನ ಅಂಚಿನಲ್ಲಿ ತುಸು ಪಾಚಿಯಿದೆ, ಹರಳುಗಳ ಮೇಲೆ ಕಂದು ಲೋಳೆಯಿದೆ. ಮನೆಗೆ ಬಂದವರೊಬ್ಬರು, “ಇದನ್ನು ಚೆನ್ನಾಗಿ ತೊಳೆಯಬಾರದೇ?” ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಮಗಳು ತೊಟ್ಟಿಗೆ ಅಡ್ಡ ನಿಂತು, “ಬ್ಯಾಡ್ರಿ, ಅಲ್ಲಿ ಮಂದಿ ಅದಾರ!” ಎಂದಳು.