ಕಾಫಿ ಆಯ್ತಾ? ಅಭಿಮಾನಿ ಬಳಗದ ಕುಶಲೋಪರಿಯ ಬಗ್ಗೆ ಒಂದಿಷ್ಟು

ಆರ್‌ಸಿಬಿ ಅಭಿಮಾನಿಗಳ ಒಂದು ವಾಟ್ಸಾಪ್ ಬಳಗದಲ್ಲಿ ನಾನೂ ಇದ್ದೇನೆ. ಒಟ್ಟು ಮೂವತ್ತು ಜನರಿರಬಹುದು. ಬೆಂಗಳೂರಿನಲ್ಲಿ ಸಂಜೆ 7.30ಕ್ಕೆ ಪಂದ್ಯ ಶುರುವಾದಾಗ ಅಮೆರಿಕದ ಪೂರ್ವ ತೀರದಲ್ಲಿರುವ ನಮಗೆ ಬೆಳಗಿನ 10 ಗಂಟೆ, ಕ್ಯಾಲಿಫೋರ್ನಿಯಾದವರಿಗೆ 7, ಲಂಡನ್ನಿನವರಿಗೆ ಮಧ್ಯಾಹ್ನ 3, ದುಬೈಯವರಿಗೆ ಸಂಜೆ 6. ಒಬ್ಬರ ಮನೆಯಲ್ಲಿ ತಿಂಡಿ, ಇನ್ನೊಬ್ಬರಲ್ಲಿ ಟೀ, ಮತ್ತೊಬ್ಬರಲ್ಲಿ ರಾತ್ರಿ ಅಡುಗೆಯ ಸಿದ್ಧತೆ. ಹಾಗಾಗಿ ಟಾಸ್‌ಗಿಂತ ಮೊದಲೇ ಮಾತು ಶುರು: "ಕಾಫಿ ಆಯ್ತಾ?" "ಏನ್ ತಿಂಡಿ ಇವತ್ತು?" "ಇಲ್ಲಿ ಬೆಳಗಿಂದ ಮಳೆ ಕಣ್ರೀ." ಅರ್ಧಕ್ಕಿಂತ ಹೆಚ್ಚು ಸಂದೇಶಗಳಲ್ಲಿ ಕ್ರಿಕೆಟ್ಟಿನ ಸುದ್ದಿಯೇ ಇರುವುದಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯವೃತ್ತಿ ಮಾಡಿ ನಿವೃತ್ತನಾದ ನನಗೆ ನೇರವಾಗಿ ವಿಷಯಕ್ಕೆ ಬರುವುದು ಅಭ್ಯಾಸ. ಒಂದು ದಿನ ತಾಳ್ಮೆ ತಪ್ಪಿ, "ಇಲ್ಲಿ ಕ್ರಿಕೆಟ್ ಮಾತ್ರ ಮಾತಾಡೋಣ" ಎಂದು ಬರೆದೆ. ಎಲ್ಲರೂ ಮರ್ಯಾದೆಯಿಂದ ಒಪ್ಪಿದರು. ಮುಂದಿನ ಎರಡು ಪಂದ್ಯ ಬಳಗ ಬಣಗುಟ್ಟಿತು. ಕೊನೆಗೆ ಒಬ್ಬರು ಬರೆದರು: "ಡಾಕ್ಟ್ರೇ, ಸ್ಕೋರು ಟೀವಿಯಲ್ಲೂ ಸಿಗುತ್ತೆ. ನಾವು ಇಲ್ಲಿಗೆ ಬರೋದು ಸ್ಕೋರಿಗಲ್ಲ." ನಾನು ಮಾತು ಹಿಂತೆಗೆದುಕೊಂಡೆ. ಹಾಗಾದರೆ ಬರುವುದು ಯಾತಕ್ಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಈ ಲೇಖನ ಅದರ ಫಲ.

ಅರ್ಥವಿಲ್ಲದ ಮಾತಿನ ಅರ್ಥ

ಇಂಥ ಮಾತಿಗೆ ಶಾಸ್ತ್ರದಲ್ಲಿ ಒಂದು ಹೆಸರಿದೆ. ಟ್ರೋಬ್ರಿಯಂಡ್ ದ್ವೀಪವಾಸಿಗಳ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ 1923ರಲ್ಲಿ ಇದನ್ನು 'ಫ್ಯಾಟಿಕ್ ಕಮ್ಯೂನಿಯನ್' ಎಂದು ಕರೆದರು. ಸುದ್ದಿ ತಿಳಿಸುವುದಕ್ಕಲ್ಲ, ನಂಟು ಉಳಿಸಿಕೊಳ್ಳುವುದಕ್ಕಾಗಿ ಆಡುವ ಮಾತು ಎಂದು ತಾತ್ಪರ್ಯ. ನಮಗೆ ಇದೇನೂ ಹೊಸದಲ್ಲ. 'ಉಭಯಕುಶಲೋಪರಿ' ಎಂಬ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ. ಊರಿನಿಂದ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ನೆನಪಿಸಿಕೊಳ್ಳಿ. "ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ" ಎಂದು ಆದ ಮೇಲೆಯೇ ಜಮೀನಿನ ವಿಷಯ, ಮದುವೆಯ ವಿಷಯ.

ಬ್ರಿಟನ್ನಿನ ರಾಬಿನ್ ಡನ್‌ಬಾರ್ 1996ರ ತಮ್ಮ ಪುಸ್ತಕದಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಕೆಲವು ಜಾತಿಯ ಕೋತಿಗಳು ಹಗಲಿನ ಐದನೇ ಒಂದು ಭಾಗದವರೆಗೆ ಪರಸ್ಪರ ಮೈ ಹೆಕ್ಕುವುದರಲ್ಲೇ ಕಳೆಯುತ್ತವೆ. ಮನುಷ್ಯರ ಗುಂಪು ದೊಡ್ಡದಾದಾಗ ಎಲ್ಲರ ಮೈ ಹೆಕ್ಕಲು ಹೊತ್ತು ಸಾಲದು. ಆ ಕೆಲಸವನ್ನು ಮಾತು ವಹಿಸಿಕೊಂಡಿತು ಎಂಬುದು ಅವರ ವಾದ. ಇದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮಜ್ಜಿಯ ಮನೆಯ ಜಗಲಿ. ಮಧ್ಯಾಹ್ನ ಹೆಂಗಸರು ಒಬ್ಬರ ಹಿಂದೊಬ್ಬರು ಕೂತು ತಲೆಯಲ್ಲಿ ಹೇನು ನೋಡುತ್ತ ಊರ ಸುದ್ದಿಯನ್ನೆಲ್ಲ ಆಡುತ್ತಿದ್ದರು. ಡನ್‌ಬಾರ್ ಹೇಳುವ ಎರಡು ಕೆಲಸವೂ ಅಲ್ಲಿ ಒಟ್ಟಿಗೇ ನಡೆಯುತ್ತಿತ್ತು.

ತಂಡ ಒಂದು ನೆಪ

ವರ್ಷಗಟ್ಟಲೆ ಮಾತಾಡದ ಸ್ನೇಹಿತನಿಗೆ ಫೋನ್ ಮಾಡಲು ಸಂಕೋಚ. "ಏನು ವಿಶೇಷ?" ಎಂದು ಕೇಳಿದರೆ ಏನು ಹೇಳುವುದು? ಅಭಿಮಾನಿ ಬಳಗದಲ್ಲಿ ಆ ತೊಂದರೆ ಇಲ್ಲ. ಪಂದ್ಯವೇ ಕಾರಣ ಒದಗಿಸುತ್ತದೆ, ವೇಳಾಪಟ್ಟಿಯನ್ನೂ ಕೊಡುತ್ತದೆ. ಜೊತೆಗೆ ಒಟ್ಟಿಗೆ ನುಂಗಿದ ಸೋಲುಗಳಿವೆ: 2009, 2011, 2016ರ ಫೈನಲ್‌ಗಳು, 2017ರಲ್ಲಿ 49ಕ್ಕೆ ಆಲೌಟ್. ಇವು ಯಾರ ಮನೆಯನ್ನೂ ಮುಳುಗಿಸದ ದುಃಖಗಳು. ಒಬ್ಬರನ್ನೊಬ್ಬರು ಸಮಾಧಾನಪಡಿಸುವುದನ್ನು ನಾವು ಕಲಿತದ್ದು ಇವುಗಳಲ್ಲೇ.

ನಿಜವಾದ ದುಃಖ ಬಂದಾಗ ಆ ಅಭ್ಯಾಸ ಕೈಹಿಡಿಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರು ರನ್‌ಗಳಿಂದ ಗೆದ್ದು, ಹದಿನೆಂಟನೇ ಋತುವಿನಲ್ಲಿ ಕಪ್ ನಮ್ಮದಾಯಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಆ ದಿನ ಬಳಗದಲ್ಲಿ ಕಪ್ಪಿನ ಮಾತಿಲ್ಲ. "ನಿಮ್ಮ ತಮ್ಮನ ಮಗ ಮನೆಗೆ ಬಂದನಾ?" "ನಿಮ್ಮ ಅಕ್ಕನ ಮಕ್ಕಳು?" ಹೀಗೆ ಒಂದೊಂದೇ ಮನೆಯನ್ನು ವಿಚಾರಿಸಿಕೊಂಡೆವು. ಯಾರ ಬಂಧುಗಳು ಬೆಂಗಳೂರಿನ ಯಾವ ಬಡಾವಣೆಯಲ್ಲಿದ್ದಾರೆ ಎಂಬುದು ನಮಗೆ ತಿಳಿದಿದ್ದದ್ದು ಆ ಕಾಡುಹರಟೆಯಿಂದಲೇ.

ವೈದ್ಯನ ಕಿವಿಗೆ ಬೀಳದ್ದು

1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ವೈದ್ಯ–ರೋಗಿಗಳ 74 ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. ರೋಗಿ ತನ್ನ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಬಾಯಿ ಹಾಕಿದ್ದರು. ನಾನೂ ಅದೇ ಜಾತಿಯವನು. ಎದ್ದು ಹೊರಟ ರೋಗಿ ಬಾಗಿಲ ಹಿಡಿಗೆ ಕೈಯಿಟ್ಟು, "ಅಂದಹಾಗೆ ಡಾಕ್ಟರೇ" ಎಂದು ತೆಗೆಯುವ ಮಾತಿನಲ್ಲೇ ಎಷ್ಟೋ ಸಲ ಅಸಲಿ ಕಾಯಿಲೆ ಇರುತ್ತಿತ್ತು.

ಒಂಟಿತನ ಆರೋಗ್ಯದ ಪ್ರಶ್ನೆಯೂ ಹೌದು. 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯೊಂದರ ಪ್ರಕಾರ, ಗಟ್ಟಿ ಸಾಮಾಜಿಕ ಸಂಬಂಧವಿದ್ದವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇಕಡಾ 50ರಷ್ಟು ಹೆಚ್ಚು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರು ಒಂಟಿತನದ ಬಗ್ಗೆ ದೇಶಕ್ಕೇ ಎಚ್ಚರಿಕೆಯ ವರದಿ ಕೊಟ್ಟರು. ಅವರ ತಂದೆ–ತಾಯಿ ಕರ್ನಾಟಕ ಮೂಲದವರು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು.

ಅಂಕಿಅಂಶಗಳಿಗಿಂತ ಹೆಚ್ಚಾಗಿ ನನ್ನನ್ನು ತಿದ್ದಿದ್ದು ಬಳಗದಲ್ಲೇ ನಡೆದ ಒಂದು ಪ್ರಸಂಗ. ನಮ್ಮಲ್ಲೊಬ್ಬ ಹಿರಿಯರು ಪ್ರತಿ ಪಂದ್ಯಕ್ಕೂ ಮುಂಚೆ "ಇವತ್ತು ನಮ್ಮನೆಯವರ ಕೈ ಉಪ್ಪಿಟ್ಟು", "ಇವತ್ತು ಅಕ್ಕಿರೊಟ್ಟಿ" ಎಂದು ವರದಿ ಒಪ್ಪಿಸುತ್ತಿದ್ದರು. ಒಂದು ವಾರ ಬರೀ "ತಿಂಡಿ ಆಯ್ತು" ಎಂದು ಬರೆದರು. ನನಗೆ ಅದು ಗಮನಕ್ಕೇ ಬರಲಿಲ್ಲ. ಮಗಳ ವಯಸ್ಸಿನ ಒಬ್ಬ ಹುಡುಗಿ ಮಾತ್ರ, "ಅಂಕಲ್, ಆಂಟಿ ಏನೂ ಮಾಡ್ಲಿಲ್ವಾ?" ಎಂದು ಕೇಳಿದಳು. ಉತ್ತರ ಬರಲಿಲ್ಲ. ಅವಳು ಎಲ್ಲರೆದುರು ಮತ್ತೆ ಕೇಳದೆ ಫೋನ್ ಮಾಡಿದಳು. ಹೆಂಡತಿ ಆಸ್ಪತ್ರೆಯಲ್ಲಿ, ಇವರು ಬ್ರೆಡ್ ತಿಂದುಕೊಂಡು, ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ದಿನ ದೂಡುತ್ತಿದ್ದರು. "ಡಾಕ್ಟರ್ ಅಂಕಲ್, ನೀವು ಒಂದ್ಸಲ ಮಾತಾಡಿ" ಎಂದು ಅವಳು ಹೇಳಿದ ಮೇಲೆಯೇ ನಾನು ಮಾತಾಡಿದ್ದು. ಅವರು ಅವತ್ತೇ ತಮ್ಮ ವೈದ್ಯರನ್ನು ಕಂಡರು. ಅವರ ಊರಿನ ಎರಡು ಕನ್ನಡ ಕುಟುಂಬಗಳು ಸರದಿಯ ಮೇಲೆ ಊಟ ತಲುಪಿಸಿದವು. ಆಕೆ ಗುಣವಾಗಿ ಮನೆಗೆ ಬಂದರು.

ಎದೆನೋವಿನವರು ಬಂದಾಗ ನಾವು ಮೊದಲು ಕೇಳುವುದು, "ಹಳೆಯ ಇಸಿಜಿ ಇದೆಯಾ?" ಎಂದು. ಅವರ ಎಂದಿನ ಗೆರೆ ಹೇಗಿತ್ತೆಂದು ಗೊತ್ತಿದ್ದರೆ ಇಂದಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ದಿನನಿತ್ಯದ ಕುಶಲೋಪರಿ ಆ ಹಳೆಯ ಇಸಿಜಿ ಇದ್ದಂತೆ. ನೂರು ದಿನ ಉಪ್ಪಿಟ್ಟಿನ ಸುದ್ದಿ ಕೇಳಿದ್ದರಿಂದಲೇ ಆ ಹುಡುಗಿಗೆ ಉಪ್ಪಿಟ್ಟು ಇಲ್ಲದ ದಿನ ಗೊತ್ತಾಯಿತು.

ಆದರೆ ಹರಟೆಯೊಂದೇ ಸಾಲದು. ಎಲ್ಲಿಂದಲೋ ಬಂದ ಹೂವಿನ ಚಿತ್ರದ 'ಶುಭೋದಯ'ವನ್ನು ಮುಂದಕ್ಕೆ ತಳ್ಳಿದರೆ ಕಳಿಸಿದವರ ಸ್ಥಿತಿ ಏನೂ ತಿಳಿಯುವುದಿಲ್ಲ. ವ್ಯತ್ಯಾಸ ಕಂಡಾಗ ಯಾರಾದರೂ ಫೋನ್ ಎತ್ತಬೇಕು, ಬಾಗಿಲು ತಟ್ಟಬೇಕು.

ನಮ್ಮ ಕೂಟದ ಹಬ್ಬದೂಟಗಳಲ್ಲಿ "ಊಟ ಆಯ್ತಾ?" ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತೇವೆ. ಈ ಸಲ ಕೇಳಿದಾಗ ಉತ್ತರಕ್ಕೆ ಹದಿನೆಂಟು ಸೆಕೆಂಡಿಗಿಂತ ಕೊಂಚ ಹೆಚ್ಚು ಕಾಯೋಣ. ನಾನೂ ಈಗ ಅದನ್ನೇ ಕಲಿಯುತ್ತಿದ್ದೇನೆ.