ಸೆಕೆಗಾಲಕ್ಕೆ ಕುದಿಯುವ ಸೂಪು: ಕೊರಿಯನ್ನರ ಕ್ರಮ ಸರಿಯೇ?

ಮಗನ ಮನೆಗೆಂದು ಜುಲೈ ತಿಂಗಳಲ್ಲಿ ದಕ್ಷಿಣ ಕೊರಿಯಾಕ್ಕೆ ಹೊರಟಿದ್ದ ಹಿರಿಯರೊಬ್ಬರು ಬಿ.ಪಿ. ಮಾತ್ರೆ ಬರೆಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. "ಡಾಕ್ಟ್ರೇ, ಅಲ್ಲಿ ಸೆಕೆಗಾಲದಲ್ಲೇ ಕುದಿಯುವ ಕೋಳಿ ಸೂಪು ಕುಡೀತಾರಂತೆ. ಸೊಸೆ ಕಲಿತಿದ್ದಾಳೆ. ಕೋಳಿ ಉಷ್ಣ ಅಲ್ವೇ, ನಾನು ತಿನ್ನಬಹುದೇ?" ಎಂದು ಕೇಳಿದರು.

ಕೊರಿಯಾದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಡು ಸೆಕೆಯಲ್ಲಿ ಚೋಬೊಕ್, ಜುಂಗ್‌ಬೊಕ್, ಮಾಲ್‌ಬೊಕ್ ಎಂಬ ಮೂರು ವಿಶೇಷ ದಿನಗಳಿವೆ. ಅಂದು ಎಳೆಯ ಕೋಳಿಯ ಹೊಟ್ಟೆಗೆ ಅಂಟಕ್ಕಿ, ಬೆಳ್ಳುಳ್ಳಿ, ಜಿನ್ಸೆಂಗ್ ಬೇರು ಮತ್ತು ನಮ್ಮ ಬೋರೆಹಣ್ಣಿನ ಜಾತಿಯ ಒಣಹಣ್ಣು ತುಂಬಿ ಬೇಯಿಸಿದ ಸಾಮ್‌ಗೇಟಾಂಗ್ ತಿನ್ನುವುದು ರೂಢಿ. ಇದಕ್ಕೇ ಆಕ್ಟೋಪಸ್ ಮತ್ತು ಅಬಲೋನ್ ಎಂಬ ಚಿಪ್ಪಿನ ಕಡಲಜೀವಿ ಸೇರಿಸಿದರೆ ಅದು ಹೇಸಿನ್‌ಟಾಂಗ್. ಶಾಖವನ್ನು ಶಾಖದಿಂದಲೇ ಗೆಲ್ಲಬೇಕು ಎಂಬುದು ಅವರ ನಂಬಿಕೆ.

ಇದರಲ್ಲಿ ಅರ್ಧ ಸತ್ಯವಿದೆ. ಬಿಸಿ ಸೂಪು ಕುಡಿದರೆ ಬೆವರು ಬರುತ್ತದೆ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೊ ಕ್ಯಾಲೊರಿ ಶಾಖ ಬೇಕು. ಅದು ಹೋಗುವುದು ನಮ್ಮ ಮೈಯಿಂದಲೇ. ಆದರೆ ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆ, ತೊಟ್ಟಿಕ್ಕಿ ಹೋದರೆ ಇಲ್ಲ. ಕೊರಿಯಾದ ಆ ಕಾಲ ನಮ್ಮ ಕರಾವಳಿಯಂತೆಯೇ ಜಿಗುಟು ಸೆಕೆಯದ್ದು. ಆದ್ದರಿಂದ ಫ್ಯಾನಿನ ಕೆಳಗೆ ಕುಳಿತು ಕುಡಿಯುವುದು ಲೇಸು. ಬೆವರಿನಲ್ಲಿ ಹೋದ ನೀರು, ಉಪ್ಪು ಸ್ವಲ್ಪಮಟ್ಟಿಗೆ ಸೂಪಿನಿಂದಲೇ ಮರಳಿ ಸಿಗುತ್ತವೆ, ಒಳ್ಳೆಯ ಪ್ರೋಟೀನೂ ದೊರೆಯುತ್ತದೆ. ಮಾಂಸ ಅಪರೂಪವಾಗಿದ್ದ ಕಾಲದಲ್ಲಿ ಒಂದಿಡೀ ಕೋಳಿ ನಿಜಕ್ಕೂ ಟಾನಿಕ್ ಆಗಿತ್ತು. ದಿನವೂ ಮಾಂಸ ತಿನ್ನುವವರಿಗೆ ಅದು ಇನ್ನೊಂದು ಭಾರಿ ಊಟ, ಅಷ್ಟೆ.

ನನಗೆ ಹೆಚ್ಚು ಚಿಂತೆ ಇರುವುದು ಬಟ್ಟಲಿನ ಬಗ್ಗೆ ಅಲ್ಲ, ಅಡಿಗೆಮನೆಯ ಬಗ್ಗೆ. ಹಸಿ ಕೋಳಿಯಲ್ಲಿರುವ ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುವಿನಿಂದ ಬರುವ ಭೇದಿಯ ಬಗ್ಗೆ ಅಲ್ಲಿನ ಆಹಾರ ಸುರಕ್ಷತಾ ಸಚಿವಾಲಯ ಈ ದಿನಗಳಲ್ಲೇ ಜನರನ್ನು ಎಚ್ಚರಿಸುತ್ತದೆ. ಸೂಪು ಗಂಟೆಗಟ್ಟಲೆ ಕುದಿದಿದ್ದರೂ ರೋಗ ಹೇಗೆ ಬಂತು? ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವಾಗ ನೀರು ಸಿಡಿದು ಪಕ್ಕದ ಸೊಪ್ಪು, ಸೌತೆಕಾಯಿಯ ಮೇಲೆ ಬೀಳುತ್ತದೆ. ಅವನ್ನು ನಾವು ಹಸಿಯಾಗಿ ತಿನ್ನುತ್ತೇವೆ. ಜ್ವರ, ಹೊಟ್ಟೆನುಲಿತ ಶುರುವಾಗುವುದು ಎರಡರಿಂದ ಐದು ದಿನ ಕಳೆದ ಮೇಲೆ. ಆಗ ಕೋಳಿಯ ನೆನಪೇ ಯಾರಿಗೂ ಇರುವುದಿಲ್ಲ. ತರಕಾರಿಯನ್ನು ಮೊದಲೇ ತೊಳೆದು ಎತ್ತಿಡಿ. ಕೋಳಿಯನ್ನು ತೊಳೆಯದಿದ್ದರೂ ನಡೆಯುತ್ತದೆ. ತೊಳೆಯಲೇಬೇಕೆಂದರೆ ಕಡೆಯಲ್ಲಿ, ಪಾತ್ರೆಯೊಳಗೆ ನಿಧಾನವಾಗಿ ತೊಳೆಯಿರಿ. ಚಾಕು, ಮಣೆ, ಕೈಗಳನ್ನು ಸೋಪಿನಿಂದ ತೊಳೆಯಿರಿ.

ಅಕ್ಕಿಯನ್ನು ಒಂದು ಗಂಟೆ ನೆನೆಸಿ, ಕೋಳಿಯ ಹೊಟ್ಟೆಗೆ ಅರ್ಧದಷ್ಟೇ ತುಂಬಿ. ಗಿಡಿದು ತುಂಬಿದರೆ ನಡುವಿಗೆ ಬಿಸಿ ತಲುಪುವುದು ತಡ. ಮುಳುಗುವಷ್ಟು ನೀರಿನಲ್ಲಿ ಕುದಿಸಿ, ಆಮೇಲೆ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ತೊಡೆಯ ಸಂದಿನಲ್ಲಿ ಕೊಯ್ದು ನೋಡಿದಾಗ ಕೆಂಪು ಕಾಣಬಾರದು. ಆಕ್ಟೋಪಸ್, ಅಬಲೋನ್ ಹೆಚ್ಚು ಬೆಂದರೆ ರಬ್ಬರಿನಂತಾಗುತ್ತವೆ, ಹಾಗಾಗಿ ಕೊನೆಯಲ್ಲಿ ಹಾಕುತ್ತಾರೆ. ಆದರೆ ಹಸಿಬಿಸಿಯಾಗಿ ಇಳಿಸಬೇಡಿ. ಬೆಚ್ಚಗಿನ ಸಮುದ್ರದ ವಿಬ್ರಿಯೊ ಜಾತಿಯ ರೋಗಾಣು ಲಿವರ್ ಕಾಯಿಲೆಯವರ ಪ್ರಾಣವನ್ನೇ ತೆಗೆಯಬಲ್ಲದು. ಚಿಪ್ಪಿನ ಮೀನು ಹಾಕಿದರೆ ಬಾಯಿ ತೆರೆದ ಮೇಲೂ ಐದು ನಿಮಿಷ ಕುದಿಯಲಿ, ತೆರೆಯದವನ್ನು ಎಸೆಯಿರಿ. ಹಲ್ಲಿಲ್ಲದ ಹಿರಿಯರಿಗೆ ಆಕ್ಟೋಪಸ್ಸನ್ನು ಸಣ್ಣಗೆ ಹೆಚ್ಚಿ ಕೊಡಿ, ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು ಅದು. ಉಳಿದ ಸೂಪನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಬಿಡುವುದು ತಪ್ಪು. ಕುದಿಯಲ್ಲೂ ಸಾಯದ ಕೆಲವು ರೋಗಾಣುಗಳು ಉಗುರುಬೆಚ್ಚಗಿನ ಸಾರಿನಲ್ಲಿ ಮತ್ತೆ ಬೆಳೆಯುತ್ತವೆ. ಚಿಕ್ಕ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ.

ಸೀಗಡಿ, ಚಿಪ್ಪುಮೀನಿನಿಂದ ಮೈಮೇಲೆ ದದ್ದು ಏಳುವವರು, ಗೌಟ್ ಇರುವವರು ಈ ಸೂಪಿನ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಮೂತ್ರಪಿಂಡದ ತೊಂದರೆಯವರು ತಮ್ಮ ವೈದ್ಯರನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರಿಗೆ ಜಿನ್ಸೆಂಗ್ ಬೇಡ. ಮಾತ್ರೆಯ ಗುಣ ತಗ್ಗಬಹುದು.

ನಮ್ಮ ಹಿರಿಯರಿಗೆ ಬಿ.ಪಿ. ಬಿಟ್ಟು ಬೇರೇನೂ ಇರಲಿಲ್ಲ. ಒಂದು ಅನುಕೂಲವೆಂದರೆ ಸಾಮ್‌ಗೇಟಾಂಗ್‌ನಂಥ ಸೂಪಿಗೆ ಒಲೆಯ ಮೇಲೆ ಹೆಚ್ಚು ಉಪ್ಪು ಹಾಕುವುದಿಲ್ಲ, ತಿನ್ನುವವರು ತಟ್ಟೆಯಲ್ಲಿ ಹಾಕಿಕೊಳ್ಳುತ್ತಾರೆ. "ಧಾರಾಳವಾಗಿ ತಿನ್ನಿ. ಕೋಳಿಯ ಚರ್ಮ ತೆಗೆಯಿರಿ, ಉಪ್ಪಿನ ಬಟ್ಟಲು ದೂರವಿರಲಿ, ಜೊತೆಗೆ ಕೊಡುವ ಕಿಮ್ಚಿ ನಮ್ಮ ಉಪ್ಪಿನಕಾಯಿಯಂತೆ, ಒಂದೆರಡು ಚೂರು ಸಾಕು. ತಲೆ ಸುತ್ತಿದರೆ ಸೂಪು ಬಿಟ್ಟು ನೆರಳಲ್ಲಿ ಮಲಗಿ, ತಣ್ಣೀರು ಕುಡಿಯಿರಿ" ಎಂದೆ. ಕೋಳಿ ತೊಳೆಯುವ ವಿಷಯವನ್ನು ಸೊಸೆಗೆ ಹೇಳಲೆಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು.