ಹೈರಾಣ ಅಂದರೆ ಬರೀ ಸುಸ್ತಲ್ಲ

ನಮ್ಮ ಬೆಳಗ್ಗಿನ ಮದ್ರಸಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಊರು ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿ. ತಂದೆ-ತಾಯಿ ಕಟ್ಟಡ ಕೆಲಸಕ್ಕೆಂದು ಕರಾವಳಿಗೆ ಬಂದವರು. ಒಂದು ದಿನ ಪಾಠ ಒಪ್ಪಿಸು ಅಂದಾಗ ತಲೆ ತಗ್ಗಿಸಿ, "ಭಾಳ ಹೈರಾಣ ಆಗೀನ್ರಿ ಉಸ್ತಾದ್" ಎಂದ.

ಅರಬಿಯಲ್ಲಿ 'ಹೈರಾನ್' ಎಂದರೆ ಗೊಂದಲಕ್ಕೆ ಬಿದ್ದವನು, ಯಾವ ಕಡೆ ಹೋಗಬೇಕೆಂದು ತೋಚದವನು. ಪಾಠ ಅರ್ಥವಾಗಿಲ್ಲ ಅಂತ ತಿಳಿದು ನಾವು ಅದನ್ನೇ ಮತ್ತೆ ಎರಡು ಸಲ ಹೇಳಿಕೊಟ್ಟೆವು. ಅವನು ಕುಳಿತಲ್ಲೇ ತೂಕಡಿಸಿದ. ನಮಗೆ ಸಿಟ್ಟು ಬಂತು. ತಾಯಿಗೆ ಜ್ವರ, ಪುಟ್ಟ ತಂಗಿಯ ಆರೈಕೆ, ನೀರು ಹೊರುವ ಕೆಲಸ. ಹುಡುಗ ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಅವನ ಸೀಮೆಯಲ್ಲಿ ಹೈರಾಣ ಎಂದರೆ ದಣಿದು ಬಸವಳಿಯುವುದು. ಅರಬಿ ಪದ ಅಲ್ಲಿ ಮನೆಮಾತಾದದ್ದು ಆಶ್ಚರ್ಯವಲ್ಲ. ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ, ಬಿಜಾಪುರದ ಯೂಸುಫ್ ಆದಿಲ್ ಶಾನ ಸಮಾಧಿಯೂ ಅಲ್ಲೇ. ಆದಿಲ್ ಶಾಹಿಗಳ ಪಾರ್ಸಿ, 1948ರವರೆಗೆ ನಿಜಾಮರ ಉರ್ದು, ಜನರ ದಖನಿ, ಇವೆಲ್ಲ ಆ ನೆಲದ ಕನ್ನಡದ ಜೊತೆ ಬೆರೆತವು. ನಾವು ದಿನಾ ಹೇಳುವ ತಾಲೂಕು, ಜಿಲ್ಲೆ, ವಸೂಲಿ, ರೈತ ಕೂಡ ಅರಬಿ ಮೂಲದವೇ.

ದಾರಿಯಲ್ಲಿ ಪದದ ಅರ್ಥ ಸರಿಯುತ್ತದೆ. ಉರ್ದುವಿನಲ್ಲಿ ಹೈರಾನ್ ಎಂದರೆ ಬೆರಗಾದವನೂ ಹೌದು. ಪಾರ್ಸಿಯಿಂದ ಬಂದ 'ಸುಸ್ತು' ನೋಡಿ: ಉರ್ದುವಿನಲ್ಲಿ ಸುಸ್ತ್ ಅಂದರೆ ಸೋಮಾರಿ, ಕನ್ನಡದಲ್ಲಿ ಸುಸ್ತಾದವನು ದಣಿದವನು. ಅರ್ಥ ತಪ್ಪಿದರೆ ದುಡಿದವನೇ ಸೋಮಾರಿಯಾಗಿಬಿಡುತ್ತಾನೆ!

ಆದರೂ ಹೈರಾಣದ ಒಳಗೆ ಹಳೆಯ ಅರ್ಥ ಇನ್ನೂ ಉಳಿದಿದೆ. ಗದ್ದೆ ಕೆಲಸ ಮುಗಿಸಿ ಬಂದವನು ಸುಸ್ತಾಗಿದೆ ಎನ್ನುತ್ತಾನೆ. ಕಚೇರಿಯಿಂದ ಕಚೇರಿಗೆ ಅಲೆದು ಕೆಲಸವಾಗದ ರೈತನಿಗೆ ಪತ್ರಿಕೆಯವರು 'ಹೈರಾಣ' ಎಂದೇ ಬರೆಯುತ್ತಾರೆ. ಮಕ್ಕಳು ಹಠ ಮಾಡಿ ತಾಯಿಯನ್ನು 'ಹೈರಾಣ ಮಾಡುತ್ತಾರೆ'. ಸುಸ್ತು ಒಂದು ನಿದ್ದೆಗೆ ಹೋಗುತ್ತದೆ. ಹೈರಾಣ ಹೋಗಬೇಕಾದರೆ ಮುಂದೆ ಒಂದು ದಾರಿ ಕಾಣಬೇಕು.

ಆ ಹುಡುಗನ ಪಾಠವನ್ನು ನಾವು ಸಂಜೆಗೆ ಹಾಕಿದೆವು. ಅಕ್ಕಪಕ್ಕದ ಮನೆಯವರು ಒಂದು ವಾರ ಊಟ ಕಳಿಸಿದರು, ತಂಗಿಯನ್ನೂ ನೋಡಿಕೊಂಡರು. ಮನೆಯಲ್ಲಿ ಯಾರಾದರೂ ಹೈರಾಣಾಗಿದ್ದೇನೆ ಅಂದರೆ, ಮಲಗು ಅಂತ ಹೇಳಿ ಸುಮ್ಮನಾಗಬೇಡಿ. ಏನಾಯಿತು ಅಂತ ಒಮ್ಮೆ ಕೇಳಿ.